ಮುರಿದ ದಾರಿಯ ಪಕ್ಕದಲ್ಲೇ ಇನ್ನೊಂದು ದಾರಿ: ಮಿದುಳಿಗೆ ಪೆಟ್ಟಾದ ಸೈನಿಕರ ಜೊತೆ ಅಲೆಕ್ಸಾಂಡರ್ ಲೂರಿಯಾ

ಎಷ್ಟೋ ಮನೆಗಳಲ್ಲಿ ನಿಜವಾದ ಕಷ್ಟ ಶುರುವಾಗುವುದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ಮೇಲೆಯೇ. ತಲೆಯ ಗಾಯ ಮಾಗಿರುತ್ತದೆ, ಹೊಲಿಗೆ ಬಿಚ್ಚಿರುತ್ತಾರೆ, ಇನ್ನು ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿರುತ್ತಾರೆ. ಆದರೆ ಮನೆಗೆ ಬಂದವರು ಮೊದಲಿನವರಾಗಿ ಇರುವುದಿಲ್ಲ. ಲೋಟ ಎದುರಿಗೇ ಇದ್ದರೂ ಅದರ ಹೆಸರು ನಾಲಿಗೆಗೆ ಬರುವುದಿಲ್ಲ. ಬಚ್ಚಲಿಗೆ ಹೋದವರಿಗೆ ವಾಪಸ್ ಬರುವ ಬಾಗಿಲು ಯಾವುದೆಂದು ತಿಳಿಯುವುದಿಲ್ಲ. ಇಲ್ಲವೇ ಎಲ್ಲ ಸರಿ ಇದ್ದಂತೆ ಕಂಡರೂ ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.

ನೀವು ಆರೈಕೆ ಮಾಡುತ್ತಿರುವವರು ಗಡಿಯಲ್ಲಿ ಗಾಯಗೊಂಡು ಬಂದ ಸೈನಿಕರಿರಬಹುದು, ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗನಿರಬಹುದು, ಸ್ಟ್ರೋಕ್ ಆದ ತಂದೆಯಿರಬಹುದು. ನಿಮ್ಮ ಪ್ರಶ್ನೆ ಮಾತ್ರ ಒಂದೇ: ಇವರು ಮೊದಲಿನಂತೆ ಆಗುತ್ತಾರೆಯೇ?

ಸುಮಾರು ಎಂಬತ್ತು ವರ್ಷಗಳ ಹಿಂದೆ, ಎರಡನೇ ಮಹಾಯುದ್ಧದ ನಡುವೆ, ರಷ್ಯಾದ ಒಬ್ಬ ಡಾಕ್ಟರು ಇದೇ ಪ್ರಶ್ನೆಯನ್ನು ಮಿದುಳಿಗೆ ಗುಂಡು ಹೊಕ್ಕಿದ್ದ ನೂರಾರು ಸೈನಿಕರ ಹಾಸಿಗೆಯ ಪಕ್ಕ ನಿಂತು ಕೇಳಿಕೊಂಡರು. ಅವರ ಹೆಸರು ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ. ಇಂದು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ರೋಗಿಯ ಮುಂದೆ ಚಿತ್ರ, ಕಾರ್ಡು ಇಟ್ಟು ನೆನಪು, ಮಾತು, ಗಮನವನ್ನು ಪರೀಕ್ಷಿಸುವ ಕ್ರಮದ ಹಿಂದೆ ಈ ವ್ಯಕ್ತಿಯ ಕೆಲಸ ಬಹಳಷ್ಟಿದೆ. ಅವರ ಜೀವನ ಕಥೆಯನ್ನು ತಿಳಿದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದಿದ್ದರೂ, ಪ್ರಶ್ನೆಯನ್ನು ಬೇರೆ ರೀತಿ ಕೇಳಿಕೊಳ್ಳುವುದು ಹೇಗೆಂದು ಗೊತ್ತಾಗುತ್ತದೆ.

ಕಜಾನ್ ಊರಿನ ಡಾಕ್ಟರ ಮಗ

ಲೂರಿಯಾ ಹುಟ್ಟಿದ್ದು 1902ರ ಜುಲೈ 16ರಂದು, ವೋಲ್ಗಾ ನದಿಯ ದಡದ ಕಜಾನ್ ನಗರದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ತಂದೆ ರೊಮಾನ್ ಲೂರಿಯಾ ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳಲ್ಲಿ ಹೆಸರು ಮಾಡಿದ ಡಾಕ್ಟರು. ತಾಯಿ ದಂತವೈದ್ಯೆ. ತಂಗಿಯೂ ಮುಂದೆ ಮನೋವೈದ್ಯೆಯಾದರು.

ತಂದೆಯ ಬಗ್ಗೆ ಒಂದು ಸಂಗತಿಯನ್ನು ನೀವು ನೆನಪಿಡಬೇಕು. ಕಾಯಿಲೆಗೆ ಎರಡು ಮುಖಗಳಿವೆ ಎಂದು ಅವರು ನಂಬಿದ್ದರು. ಒಂದು, ಡಾಕ್ಟರ ಕಣ್ಣಿಗೆ ಹೊರಗಿನಿಂದ ಕಾಣುವುದು. ಇನ್ನೊಂದು, ರೋಗಿಯ ಒಳಗೆ ಆ ಕಾಯಿಲೆ ಹೇಗಿದೆ ಎನ್ನುವುದು, ಅಂದರೆ ಅವರ ಭಯ, ಅವರ ಊಹೆ, ತಮಗೆ ಏನಾಗುತ್ತಿದೆ ಎಂಬ ಅವರದೇ ಕಲ್ಪನೆ. ಇದರ ಬಗ್ಗೆಯೇ ಅವರು 1935ರಲ್ಲಿ ಪುಸ್ತಕ ಬರೆದರು. ಮಗನ ಕೆಲಸದಲ್ಲಿ ಈ ಮಾತು ಮುಂದೆ ದೊಡ್ಡದಾಗಿ ಬೆಳೆಯಿತು.

ಮಗ ಡಾಕ್ಟರಾಗಬೇಕೆಂದು ತಂದೆಗೆ ಆಸೆಯಿತ್ತು. ಆದರೆ ಹುಡುಗ ಕ್ರಾಂತಿಯ ಗದ್ದಲದ ವರ್ಷಗಳಲ್ಲಿ ಕಜಾನ್ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ಓದಿ, 1921ರಲ್ಲಿ ಪದವಿ ಮುಗಿಸಿದರು. ಮನಸ್ಸೆಲ್ಲ ಮನಶ್ಶಾಸ್ತ್ರದ ಕಡೆಗಿತ್ತು. 1923ರಲ್ಲಿ ಮಾಸ್ಕೋದ ಮನಶ್ಶಾಸ್ತ್ರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು.

ನೆಲದ ಮೇಲಿನ ಕಾಗದದ ತುಂಡುಗಳು

1924ರ ಆರಂಭದಲ್ಲಿ ಒಂದು ಸಮ್ಮೇಳನದಲ್ಲಿ ಲೂರಿಯಾ ಅವರಿಗೆ ಲೆವ್ ವೈಗೋಟ್‌ಸ್ಕಿ ಅವರ ಪರಿಚಯವಾಯಿತು. ಬಿ.ಎಡ್ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಮಕ್ಕಳ ಕಲಿಕೆಯ ಬಗ್ಗೆ ಪಾಠಗಳಲ್ಲಿ ಬರುವವರು ಇವರೇ. ಲೂರಿಯಾ, ವೈಗೋಟ್‌ಸ್ಕಿ ಮತ್ತು ಅಲೆಕ್ಸಿ ಲಿಯೊಂಟಿಯೆವ್ ಮೂವರೂ ಸೇರಿ ಕೆಲಸ ಮಾಡತೊಡಗಿದರು. ಮನುಷ್ಯ ತನ್ನ ಮನಸ್ಸನ್ನು ಹೊರಗಿನ ವಸ್ತುಗಳ ಸಹಾಯದಿಂದ ನಡೆಸುತ್ತಾನೆ ಎನ್ನುವುದು ಅವರ ಮುಖ್ಯ ವಿಚಾರ. ನೆನಪಿಗಾಗಿ ಸೆರಗಿಗೆ ಗಂಟು ಹಾಕಿಕೊಳ್ಳುವ ಅಜ್ಜಿ ಮಾಡುವುದೂ ಅದನ್ನೇ.

ಆ ದಿನಗಳಲ್ಲಿ ಅವರು ಪಾರ್ಕಿನ್‌ಸನ್ ಕಾಯಿಲೆಯ ರೋಗಿಗಳನ್ನು ನೋಡುತ್ತಿದ್ದರು. ಒಂದು ವಿಚಿತ್ರ ಅವರ ಗಮನಕ್ಕೆ ಬಂತು. ಸಮತಟ್ಟಾದ ನೆಲದ ಮೇಲೆ ಒಂದೆರಡು ಹೆಜ್ಜೆಗಿಂತ ಹೆಚ್ಚು ನಡೆಯಲಾಗದ ರೋಗಿ ಮೆಟ್ಟಿಲುಗಳನ್ನು ಮಾತ್ರ ಸಲೀಸಾಗಿ ಹತ್ತುತ್ತಿದ್ದರು. ಹೀಗೇಕೆ? ಸಮನೆಲದಲ್ಲಿ ನಡೆಯುವುದು ಯೋಚನೆಯಿಲ್ಲದೆ ತಾನಾಗಿ ಆಗುವ ಕೆಲಸ. ಅದನ್ನು ನಡೆಸುವ ಮಿದುಳಿನ ಆಳದ ಭಾಗ ಈ ಕಾಯಿಲೆಯಲ್ಲಿ ಕೆಟ್ಟಿರುತ್ತದೆ. ಮೆಟ್ಟಿಲಾದರೆ ಒಂದೊಂದೂ ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತದೆ. ಪ್ರತಿ ಹೆಜ್ಜೆಯೂ ನೋಡಿ ಇಡುವ ಹೊಸ ಹೆಜ್ಜೆಯಾಗುತ್ತದೆ. ಆಗ ಮಿದುಳಿನ ಬೇರೆ ಭಾಗಗಳು ಕೆಲಸಕ್ಕೆ ಬರುತ್ತವೆ.

ಇಷ್ಟು ತಿಳಿದ ಮೇಲೆ ಅವರು ನೆಲದ ಮೇಲೆ ಹೆಜ್ಜೆಯ ಅಂತರದಲ್ಲಿ ಕಾಗದದ ತುಂಡುಗಳನ್ನು ಹಾಸಿ, ಒಂದೊಂದನ್ನೂ ದಾಟುತ್ತಾ ಹೋಗಲು ಹೇಳಿದರು. ನಡೆಯಲಾಗದವರು ಕೋಣೆಯ ಆ ತುದಿಗೆ ನಡೆದರು. ಇಂದಿಗೂ ಪಾರ್ಕಿನ್‌ಸನ್ ರೋಗಿಗಳಿಗೆ ಫಿಸಿಯೋಥೆರಪಿಸ್ಟರು ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ನಡಿಗೆ ಅಭ್ಯಾಸ ಮಾಡಿಸುವುದನ್ನು ನೀವು ನೋಡಿರಬಹುದು.

ಇಲ್ಲಿ ಮಿದುಳಿನ ಕೆಟ್ಟ ಭಾಗ ಸರಿಯಾಗಲಿಲ್ಲ. ನಡೆಯುವ ಕೆಲಸ ಬೇರೆ ದಾರಿಯಿಂದ ಆಯಿತು, ಅಷ್ಟೆ. ಲೂರಿಯಾ ಮುಂದೆ ಸೈನಿಕರಿಗಾಗಿ ಮಾಡಿದ್ದೆಲ್ಲದರ ಬೀಜ ಈ ಕಾಗದದ ತುಂಡುಗಳಲ್ಲಿದೆ.

ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿ

1930ರ ದಶಕ ಅವರಿಗೆ ಕಷ್ಟದ ಕಾಲ. 1931 ಮತ್ತು 1932ರಲ್ಲಿ ಅವರು ಮಧ್ಯ ಏಷ್ಯಾದ ಉಜ್ಬೇಕಿಸ್ತಾನಕ್ಕೆ ಹೋಗಿ, ಓದು ಬರಹ ಕಲಿಯದ ರೈತರು ಮತ್ತು ಹೊಸದಾಗಿ ಕಲಿತವರು ಯೋಚಿಸುವ ರೀತಿಯಲ್ಲಿ ಏನು ವ್ಯತ್ಯಾಸವಿದೆ ಎಂದು ಅಧ್ಯಯನ ಮಾಡಿದರು. ಅದರ ಮೇಲೆ ರಾಜಕೀಯದ ಟೀಕೆ ಬಂತು. ಆ ಕೆಲಸ ಪುಸ್ತಕವಾಗಿ ಹೊರಬರಲು ಸುಮಾರು ನಾಲ್ಕು ದಶಕ ಬೇಕಾಯಿತು. 1934ರಲ್ಲಿ ವೈಗೋಟ್‌ಸ್ಕಿ ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಆಗಿನ್ನೂ ಮೂವತ್ತೇಳು ವರ್ಷ. ಎರಡು ವರ್ಷದ ನಂತರ ಅವರ ಬರಹಗಳಿಗೂ ನಿರ್ಬಂಧ ಬಿತ್ತು.

ಗೆಳೆಯನೂ ಇಲ್ಲ, ಮಾಡುತ್ತಿದ್ದ ಕೆಲಸಕ್ಕೆ ದಾರಿಯೂ ಇಲ್ಲ. ಆಗ ಲೂರಿಯಾ ತಂದೆಯ ಹಳೆಯ ಆಸೆಗೆ ಮರಳಿದರು. ಪ್ರೊಫೆಸರ್ ಎನಿಸಿಕೊಂಡಿದ್ದವರು ತಮಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಕೂತು ವೈದ್ಯಕೀಯ ಓದಿ, 1937ರಲ್ಲಿ ಡಾಕ್ಟರಾದರು. ನಂತರ ಮಾಸ್ಕೋದ ಬುರ್ಡೆಂಕೊ ನರಶಸ್ತ್ರಚಿಕಿತ್ಸಾ ಸಂಸ್ಥೆಯಲ್ಲಿ ಸಾಮಾನ್ಯ ರೆಸಿಡೆಂಟ್ ಆಗಿ ವಾರ್ಡಿನ ಕೆಲಸ ಮಾಡಿದರು. ಮಿದುಳಿನ ಯಾವ ಭಾಗಕ್ಕೆ ಪೆಟ್ಟಾದರೆ ಏನು ಕಳೆಯುತ್ತದೆ, ಏನು ಉಳಿಯುತ್ತದೆ ಎಂದು ಗುರುತಿಸುವುದನ್ನು ಅಲ್ಲಿ ಕಲಿತರು. ಈ ಕಲಿಕೆ ಎಷ್ಟು ಬೇಗ ಬೇಕಾಗುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಉರಲ್ ಬೆಟ್ಟಗಳ ಆಸ್ಪತ್ರೆ

1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ದೇಶದ ಮೇಲೆ ದಾಳಿ ಮಾಡಿತು. ಮಿದುಳಿಗೆ ಗಾಯವಾದ ಸೈನಿಕರಿಗಾಗಿ ಒಂದು ಪುನರ್ವಸತಿ ಆಸ್ಪತ್ರೆ ಕಟ್ಟುವ ಹೊಣೆ ಲೂರಿಯಾ ಅವರ ಮೇಲೆ ಬಿತ್ತು. ಯುದ್ಧಭೂಮಿಯಿಂದ ಬಹಳ ದೂರ, ದಕ್ಷಿಣ ಉರಲ್ ಸೀಮೆಯ ಚೆಲ್ಯಾಬಿನ್‌ಸ್ಕ್ ಹತ್ತಿರದ ಕಿಸೆಗಾಚ್ ಎಂಬ ಸಣ್ಣ ಊರಿನಲ್ಲಿ, ಕೆರೆಯ ಪಕ್ಕ ಒಂದು ಆರೋಗ್ಯಧಾಮವಿತ್ತು. ಅದನ್ನೇ 400 ಹಾಸಿಗೆಗಳ ಆಸ್ಪತ್ರೆಯಾಗಿ ಮಾಡಿದರು.

ಈ ರೀತಿಯ ಆಸ್ಪತ್ರೆ ಅದೇ ಮೊದಲಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ಡಾಕ್ಟರು ಮಿದುಳಿಗೆ ಗಾಯವಾದ ಸೈನಿಕರಿಗಾಗಿಯೇ ಒಂದು ಸಂಸ್ಥೆ ನಡೆಸಿದ್ದರು. ಅವರ ಬರಹಗಳನ್ನು ಲೂರಿಯಾ ಬಲ್ಲವರಾಗಿದ್ದರು. ಕಿಸೆಗಾಚ್‌ನಲ್ಲಿ ಅವರಿಗೆ ಎರಡು ಕೆಲಸಗಳಿದ್ದವು. ಒಂದು, ಪ್ರತಿ ರೋಗಿಯಲ್ಲಿ ನಿಖರವಾಗಿ ಏನು ಕೆಟ್ಟಿದೆ ಎಂದು ಕಂಡುಹಿಡಿಯುವುದು. ಇನ್ನೊಂದು, ಅದಕ್ಕೆ ತಕ್ಕ ಅಭ್ಯಾಸ ರೂಪಿಸುವುದು.

ಮಾತು ಹೋದ ಇಬ್ಬರು ಸೈನಿಕರನ್ನು ಊಹಿಸಿಕೊಳ್ಳಿ. ನೋಡಲು ಇಬ್ಬರೂ ಒಂದೇ. ಆದರೆ ಒಬ್ಬರಿಗೆ ಏನು ಹೇಳಬೇಕೆಂದು ಗೊತ್ತಿದೆ, ತುಟಿ ನಾಲಿಗೆಯನ್ನು ಯಾವ ಜಾಗಕ್ಕೆ ಒಯ್ಯಬೇಕೆಂದು ತಿಳಿಯುತ್ತಿಲ್ಲ. ಇನ್ನೊಬ್ಬರಿಗೆ ಕಿವಿಗೆ ಬೀಳುವ ಪ ಮತ್ತು ಬ ಶಬ್ದಗಳ ವ್ಯತ್ಯಾಸವೇ ಸಿಗುತ್ತಿಲ್ಲ. ಇಬ್ಬರಿಗೂ ಒಂದೇ ಅಭ್ಯಾಸ ಮಾಡಿಸಿದರೆ ಇಬ್ಬರಿಗೂ ಉಪಯೋಗವಾಗದು. ಮೊದಲನೆಯವರಿಗೆ ಕನ್ನಡಿ, ತುಟಿಗಳ ಚಿತ್ರ, ಉರಿಯುವ ಕಡ್ಡಿಯನ್ನು ಉಫ್ ಎಂದು ಆರಿಸುವ ಅಭ್ಯಾಸ ಬೇಕು. ಊದುವಾಗ ತುಟಿ ತಾನಾಗಿ ಪ ಅಕ್ಷರದ ಜಾಗಕ್ಕೆ ಬರುತ್ತದೆ.

ಆದ್ದರಿಂದಲೇ ಲೂರಿಯಾ ಕಾಯಿಲೆಯ ಹೆಸರಿನ ಜೊತೆಗೆ, ರೋಗಿ ತಪ್ಪು ಮಾಡುವ ರೀತಿಯನ್ನು ಗಮನಿಸುತ್ತಿದ್ದರು. ನೀವೂ ಮುಂದಿನ ಸಲ ಸ್ಪೀಚ್ ಥೆರಪಿಸ್ಟರ ಬಳಿ ಹೋಗುವಾಗ ಮಾತು ಬರುವುದಿಲ್ಲ ಎಂದಷ್ಟೇ ಹೇಳಬೇಡಿ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಹಾಡಿದರೆ ಬರುತ್ತದೆಯೇ, ಮೊದಲ ಅಕ್ಷರ ಹೇಳಿಕೊಟ್ಟರೆ ಬರುತ್ತದೆಯೇ ಎಂದು ಗಮನಿಸಿ ಬರೆದುಕೊಂಡು ಹೋಗಿ. ಚಿಕಿತ್ಸೆಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಅದೇ ಕಾಲದಲ್ಲಿ ಗೆಳೆಯ ಲಿಯೊಂಟಿಯೆವ್ ಉರಲ್ ಸೀಮೆಯ ಇನ್ನೊಂದು ಆಸ್ಪತ್ರೆಯಲ್ಲಿ ಕೈಗೆ ಗಾಯವಾದ ಸೈನಿಕರ ಜೊತೆ ಕೆಲಸ ಮಾಡುತ್ತಿದ್ದರು. ಕೈಯನ್ನು ಆದಷ್ಟು ಮೇಲಕ್ಕೆ ಎತ್ತಿ ಎಂದಾಗ ಎತ್ತುವುದಕ್ಕಿಂತ, ಅಲ್ಲಿರುವ ವಸ್ತುವನ್ನು ಮುಟ್ಟಿ ಎಂದಾಗ ಅದೇ ಕೈ ಹೆಚ್ಚು ಮೇಲಕ್ಕೆ ಹೋಗುತ್ತಿತ್ತು. ಗುರಿಯಿರುವ ಕೆಲಸಕ್ಕೆ ದೇಹ ಹೆಚ್ಚು ಒಗ್ಗುತ್ತದೆ. ವ್ಯಾಯಾಮ ಬೇಸರವಾಗಿದೆ ಎನ್ನುವ ರೋಗಿಗೆ ಬಟ್ಟೆ ಒಣಹಾಕಲು, ಶೆಲ್ಫಿನಿಂದ ಡಬ್ಬಿ ಇಳಿಸಲು, ಬಟಾಣಿ ಬಿಡಿಸಲು ಹೇಳಿ ನೋಡಿ.

ಸುಮ್ಮನೆ ಕೂತವರು ಸೋಮಾರಿಗಳಲ್ಲ

ಲೂರಿಯಾ ಮಿದುಳಿನ ಕೆಲಸವನ್ನು ಮೂರು ಭಾಗ ಮಾಡಿ ವಿವರಿಸಿದರು. ಒಂದು ಭಾಗ ಮಿದುಳನ್ನು ಎಚ್ಚರವಾಗಿ ಇಡುತ್ತದೆ. ಎರಡನೆಯದು ತಲೆಯ ಹಿಂಭಾಗ ಮತ್ತು ಪಕ್ಕಗಳಲ್ಲಿದ್ದು, ಕಂಡದ್ದು, ಕೇಳಿದ್ದು, ಮುಟ್ಟಿದ್ದನ್ನು ಜೋಡಿಸಿ ಅರ್ಥ ಮಾಡುತ್ತದೆ. ಮೂರನೆಯದು ಹಣೆಯ ಹಿಂದಿರುವ ಭಾಗ. ಏನು ಮಾಡಬೇಕು ಎಂದು ಯೋಜಿಸುವುದು, ಶುರು ಮಾಡುವುದು, ತಪ್ಪಾದರೆ ತಿದ್ದಿಕೊಳ್ಳುವುದು ಇದರ ಕೆಲಸ.

ಹಣೆಯ ಭಾಗಕ್ಕೆ ಪೆಟ್ಟಾದ ಸೈನಿಕರು ನೋಡಲು ಚೆನ್ನಾಗಿಯೇ ಇರುತ್ತಿದ್ದರು. ಮಾತು ಬರುತ್ತಿತ್ತು, ಕೈಕಾಲು ಆಡುತ್ತಿತ್ತು. ಆದರೆ ತಾವಾಗಿ ಏನನ್ನೂ ಶುರು ಮಾಡುತ್ತಿರಲಿಲ್ಲ. ಶುರು ಮಾಡಿದರೆ ನಡುವೆ ಬಿಡುತ್ತಿದ್ದರು, ಇಲ್ಲವೇ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ತಮಗೆ ಏನೋ ಆಗಿದೆ ಎಂಬ ಅರಿವೂ ಅನೇಕರಿಗೆ ಇರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ನೆಂಟರು ಏನೆನ್ನುತ್ತಾರೆ ಎಂದು ನಿಮಗೆ ಗೊತ್ತಿದೆ. ಸೋಮಾರಿಯಾಗಿದ್ದಾನೆ, ಹಟ ಮಾಡುತ್ತಾನೆ, ಪೆನ್ಷನ್ ಬರುತ್ತದಲ್ಲ ಎಂದು ಕೂತಿದ್ದಾನೆ. ನಿಮಗೂ ಎಷ್ಟೋ ಸಲ ಸಿಟ್ಟು ಬಂದಿರುತ್ತದೆ, ಆಮೇಲೆ ಅಳುವೂ ಬಂದಿರುತ್ತದೆ. ಅದು ಹಟವಲ್ಲ, ಗಾಯದ ಲಕ್ಷಣ ಎಂದು ಲೂರಿಯಾ ಅವರ ವಾರ್ಡುಗಳು ತೋರಿಸಿಕೊಟ್ಟವು.

ಇಂಥವರಿಗೂ ಅವರು ಹೊರಗಿನ ಆಸರೆ ಕೊಟ್ಟರು. ಕಥೆಯೊಂದನ್ನು ಕ್ರಮವಾಗಿ ಹೇಳಲಾಗದ ರೋಗಿಗೆ, ನೆನಪಿಗೆ ಬಂದಿದ್ದನ್ನು ಬಂದ ಹಾಗೆ ಚೀಟಿಗಳಲ್ಲಿ ಬರೆಯಲು ಹೇಳಿದರು. ಆಮೇಲೆ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಕ್ರಮವಾಗಿ ಜೋಡಿಸಬೇಕು. ತಲೆಯೊಳಗೆ ಆಗದ ಜೋಡಣೆ ಮೇಜಿನ ಮೇಲೆ ಆಯಿತು. ಆದರೆ, ಆಮೇಲೆ, ಆದ್ದರಿಂದ ಎಂಬಂಥ ಕೊಂಡಿ ಪದಗಳ ಪಟ್ಟಿಯೂ ಕೆಲವರಿಗೆ ಸಹಾಯವಾಯಿತು.

ಸ್ನಾನಕ್ಕೆ ಹೋಗು ಎಂದರೆ ಏಳದವರಿಗೆ ಬಚ್ಚಲ ಬಾಗಿಲಿಗೆ ಒಂದು ಪಟ್ಟಿ ಅಂಟಿಸುವುದು ಇದೇ ಉಪಾಯ: ಟವೆಲ್ ತೆಗೆದುಕೊಳ್ಳುವುದು, ಬಕೆಟ್ ತುಂಬಿಸುವುದು, ಸೋಪು, ಬಟ್ಟೆ. ಒಂದೊಂದು ಸಾಲಿಗೆ ಒಂದೊಂದೇ ಕೆಲಸ.

ಜಸೆಟ್ಸ್ಕಿ ಎಂಬ ಲೆಫ್ಟಿನೆಂಟ್

1943ರ ಮೇ ತಿಂಗಳ ಕೊನೆಯಲ್ಲಿ ಕಿಸೆಗಾಚ್‌ಗೆ ಇಪ್ಪತ್ತಮೂರು ವರ್ಷದ ಲೆಫ್ಟಿನೆಂಟ್ ಒಬ್ಬ ಬಂದ. ಹೆಸರು ಜಸೆಟ್ಸ್ಕಿ. ಯುದ್ಧಕ್ಕೆ ಮೊದಲು ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಆ ವರ್ಷದ ಮಾರ್ಚ್‌ನಲ್ಲಿ, ಸ್ಮೊಲೆನ್‌ಸ್ಕ್ ಕಡೆಯ ಯುದ್ಧದಲ್ಲಿ, ಗುಂಡು ಅವನ ತಲೆಯ ಎಡಗಡೆ ಹಿಂಭಾಗಕ್ಕೆ ಹೊಕ್ಕಿತ್ತು.

ಆತನಿಗೆ ಬಲಗಡೆಯ ಅರ್ಧ ಜಗತ್ತು ಕಾಣುತ್ತಲೇ ಇರಲಿಲ್ಲ. ಉಳಿದ ಅರ್ಧವೂ ಚೂರುಚೂರು. ತನ್ನ ಕೈಕಾಲು ಎಲ್ಲಿದೆ ಎಂಬುದೂ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಓದು ಬರಹ ಮರೆತುಹೋಗಿತ್ತು. ವಸ್ತುಗಳ ಹೆಸರು ಸಿಗುತ್ತಿರಲಿಲ್ಲ. ಮಾತಿನ ಬಿಡಿ ಪದಗಳು ಗೊತ್ತಾದರೂ ಅವುಗಳ ಸಂಬಂಧ ಹಿಡಿತಕ್ಕೆ ಬರುತ್ತಿರಲಿಲ್ಲ. ಅಪ್ಪನ ತಮ್ಮ ಎಂದರೆ ಚಿಕ್ಕಪ್ಪ, ತಮ್ಮನ ಅಪ್ಪ ಎಂದರೆ ನಮ್ಮ ಅಪ್ಪನೇ. ನಮಗೆ ಇದು ಕ್ಷಣದ ಮಾತು. ಆತನಿಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಎಷ್ಟು ಹೊತ್ತು ಯೋಚಿಸಿದರೂ ಬಿಡಿಸಲು ಆಗುತ್ತಿರಲಿಲ್ಲ.

ಆದರೆ ಹಣೆಯ ಭಾಗಕ್ಕೆ ಏನೂ ಆಗಿರಲಿಲ್ಲ. ಆದ್ದರಿಂದ ಆತನಿಗೆ ಆಸೆಯಿತ್ತು, ಗುರಿಯಿತ್ತು, ಛಲವಿತ್ತು. ಜೊತೆಗೆ ತಾನು ಏನನ್ನು ಕಳೆದುಕೊಂಡಿದ್ದೇನೆ ಎಂಬ ಪೂರ್ತಿ ಅರಿವೂ ಇತ್ತು. ಇದು ವರವೂ ಹೌದು, ನೋವೂ ಹೌದು.

ಕೈಗೆ ನೆನಪಿದ್ದ ಬರಹ

ಆಸ್ಪತ್ರೆಯಲ್ಲಿ ಒಬ್ಬ ಶಿಕ್ಷಕಿ ಆತನಿಗೆ ಅಕ್ಷರ ಕಲಿಸಲು ಕೂತರು. ಒಂದೊಂದು ಅಕ್ಷರವನ್ನೂ ಪರಿಚಿತ ಹೆಸರಿನ ಜೊತೆ ಜೋಡಿಸಿ ಆತ ನೆನಪಿಟ್ಟುಕೊಂಡ. ಯಾವುದೋ ಅಕ್ಷರ ಸಿಗದಿದ್ದರೆ ವರ್ಣಮಾಲೆಯನ್ನು ಮೊದಲಿನಿಂದ ಬಾಯಲ್ಲಿ ಹೇಳುತ್ತಾ ಹೋಗಿ ಅಲ್ಲಿಗೆ ತಲುಪುತ್ತಿದ್ದ. ನಾವು ಕ, ಖ, ಗ, ಘ ಎಂದು ಹೇಳುತ್ತಾ ಘ ಅಕ್ಷರಕ್ಕೆ ಬಂದು ನಿಲ್ಲುವಂತೆ. ತಿಂಗಳುಗಟ್ಟಲೆ ಕಷ್ಟಪಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಲು ಕಲಿತ. ಬರೆಯುವುದು ಇನ್ನೂ ಕಷ್ಟವಾಗಿತ್ತು.

ಒಂದು ದಿನ ಡಾಕ್ಟರು ಬಂದು, ಅಕ್ಷರಗಳನ್ನು ಯೋಚಿಸಬೇಡ, ಕೈ ಎತ್ತದೆ ಒಂದೇ ಓಟದಲ್ಲಿ ಪದವನ್ನು ಬರೆದುಬಿಡು ಎಂದು ಸೂಚಿಸಿದರು. ಆತ ಬರೆದ. ಪದ ಬಂದೇ ಬಂತು! ಕಣ್ಣು ಮರೆತಿದ್ದರೂ, ಚಿಕ್ಕಂದಿನಿಂದ ಬರೆದು ರೂಢಿಯಾದ ಕೈ ಮರೆತಿರಲಿಲ್ಲ. ಕಣ್ಣಿನ ದಾರಿ ಮುಚ್ಚಿತ್ತು, ಕೈಯ ದಾರಿ ತೆರೆದಿತ್ತು. ಬರೆದದ್ದನ್ನು ತಾನೇ ಓದಲು ಮಾತ್ರ ಆತನಿಗೆ ಆಗಲಿಲ್ಲ.

ಪಾರ್ಕಿನ್‌ಸನ್ ರೋಗಿಯಲ್ಲಿ ಆಗಿದ್ದಕ್ಕೆ ಇದು ತಿರುಗುಮುರುಗು ಎನ್ನುವುದನ್ನು ಗಮನಿಸಿ. ಅಲ್ಲಿ ತಾನಾಗಿ ಆಗುವ ಕೆಲಸ ಕೆಟ್ಟಿತ್ತು, ಯೋಚಿಸಿ ಇಡುವ ಹೆಜ್ಜೆ ಸಹಾಯಕ್ಕೆ ಬಂತು. ಇಲ್ಲಿ ಯೋಚಿಸಿ ಮಾಡುವುದು ಕೆಟ್ಟಿತ್ತು, ತಾನಾಗಿ ಓಡುವ ಕೈ ಸಹಾಯಕ್ಕೆ ಬಂತು. ಎಲ್ಲರಿಗೂ ಒಂದೇ ಉಪಾಯವಿಲ್ಲ. ಉಳಿದಿರುವುದು ಏನು ಎಂದು ಹುಡುಕಬೇಕು.

ಅಮ್ಮನ ಮನೆಯಲ್ಲಿ ಇಪ್ಪತ್ತೈದು ವರ್ಷ

ಜಸೆಟ್ಸ್ಕಿ ಕೊನೆಗೆ ತುಲಾ ಪ್ರಾಂತ್ಯದ ತನ್ನ ಊರಿಗೆ, ತಾಯಿ ಮತ್ತು ತಂಗಿಯರ ಬಳಿಗೆ ಹಿಂತಿರುಗಿದ. ಸಹಾಯದೊಂದಿಗೆ ಬದುಕುವುದು ಎಂದು ಇಂದು ನಾವು ಕರೆಯುವುದನ್ನು ಆ ಹೆಂಗಸರು ಹೆಸರಿಲ್ಲದೆಯೇ ನಡೆಸಿದರು. ಆತನಿಗೆ ಮನೆಗೆಲಸದಲ್ಲಿ ನೆರವಾಗುವ ಆಸೆ. ಸೌದೆ ಒಡೆಯಲು ಹೋದರೆ ಕೊಡಲಿ ತಪ್ಪಿ ನೆಲಕ್ಕೆ ಬೀಳುತ್ತಿತ್ತು. ಏನಾದರೂ ತರಲು ಹೇಳಿದರೆ ಏನು ಹೇಳಿದರೆಂದು ಮರೆತುಹೋಗುತ್ತಿತ್ತು. ಮನೆಯಿಂದ ಸ್ವಲ್ಪ ದೂರ ಹೋದರೂ ದಾರಿ ತಪ್ಪುತ್ತಿತ್ತು.

ಆತ ಮತ್ತೆ ಎಂಜಿನಿಯರ್ ಆಗಲಿಲ್ಲ. ಓದುವುದು ಕೊನೆಯವರೆಗೂ ಕಷ್ಟವಾಗಿಯೇ ಉಳಿಯಿತು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಆದರೆ ಆತ ಬರೆದ. ತನ್ನ ಗಾಯದ ಕಥೆಯನ್ನು, ಒಳಗಿನಿಂದ ಅದು ಹೇಗಿದೆ ಎಂಬುದನ್ನು ಬರೆಯಲು ಕೂತ. ಪದ ಹುಡುಕಲು ಗಂಟೆಗಳು ಬೇಕು, ಹುಡುಕಿದ್ದು ಬರೆಯುವಷ್ಟರಲ್ಲಿ ಮರೆತಿರುತ್ತದೆ, ಹಿಂದಿನ ಸಾಲನ್ನು ಓದಲಾಗದು. ಅರ್ಧ ಪುಟಕ್ಕೆ ಒಂದು ಇಡೀ ದಿನ. ಹೀಗೆ ಸುಮಾರು ಇಪ್ಪತ್ತೈದು ವರ್ಷ ಬರೆದು ಮೂರು ಸಾವಿರ ಪುಟ ಮಾಡಿದ. ತನಗೆ ಆಗಿದ್ದನ್ನು ಬೇರೆಯವರು ಅರ್ಥ ಮಾಡಿಕೊಳ್ಳಲಿ, ಡಾಕ್ಟರಿಗೆ ಉಪಯೋಗವಾಗಲಿ, ತಾನು ಯಾವುದಕ್ಕೂ ಬಾರದವನಲ್ಲ ಎಂದು ತಿಳಿಯಲಿ ಎನ್ನುವುದು ಆತನ ಆಸೆ. ಆ ಕೆಲಸವೇ ಆತನ ಬದುಕಿಗೆ ಅರ್ಥ ಕೊಟ್ಟಿತು.

ಅಷ್ಟೂ ವರ್ಷ ಲೂರಿಯಾ ಆತನ ಸಂಪರ್ಕ ಬಿಡಲಿಲ್ಲ. 1971ರಲ್ಲಿ ಆ ಪುಟಗಳನ್ನೂ ತಮ್ಮ ವಿವರಣೆಯನ್ನೂ ಸೇರಿಸಿ ಪುಸ್ತಕ ಮಾಡಿದರು. ಮರುವರ್ಷ ಅದು ಇಂಗ್ಲಿಷಿಗೂ ಬಂತು. ಚೂರಾದ ಜಗತ್ತಿನ ಮನುಷ್ಯ ಎಂದು ಅದರ ಹೆಸರಿನ ಅರ್ಥ. ರೋಗಿಯ ಒಳಗಿನ ಚಿತ್ರವನ್ನು ಕೇಳಬೇಕೆಂದ ತಂದೆಯ ಮಾತನ್ನು ಮಗ ಹೀಗೆ ನಡೆಸಿಕೊಟ್ಟರು.

ಲೂರಿಯಾ ಅವರಿಗೇ ದಾರಿ ಮುಚ್ಚಿದಾಗ

ಯುದ್ಧ ಮುಗಿದ ಮೇಲೆ ಲೂರಿಯಾ ಕಿಸೆಗಾಚ್‌ನಲ್ಲಿ ಕಲಿತದ್ದನ್ನು ಎರಡು ಪುಸ್ತಕಗಳಲ್ಲಿ ಬರೆದರು. 1947ರದ್ದು ಗಾಯದಿಂದ ಮಾತು ಹೋಗುವುದರ ಬಗ್ಗೆ, 1948ರದ್ದು ಮಿದುಳಿನ ಗಾಯದ ನಂತರ ಶಕ್ತಿಗಳನ್ನು ಮರಳಿ ಕಟ್ಟುವ ಬಗ್ಗೆ. ಆದರೆ 1950ರ ಸುಮಾರಿಗೆ ಮತ್ತೆ ರಾಜಕೀಯದ ಗಾಳಿ ತಿರುಗಿತು. ಬುರ್ಡೆಂಕೊ ಸಂಸ್ಥೆಯ ಕೆಲಸ ಕೈತಪ್ಪಿತು. ಮಿದುಳಿನ ಗಾಯದ ರೋಗಿಗಳ ಹತ್ತಿರ ಹೋಗಲು ಅವರಿಗೆ ವರ್ಷಗಟ್ಟಲೆ ಅವಕಾಶವಿರಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಮಗುವಿನ ಮಾತು ಅದರ ನಡವಳಿಕೆಯನ್ನು ಹೇಗೆ ನಡೆಸುತ್ತದೆ ಎಂದು ಅಧ್ಯಯನ ಮಾಡಿದರು. 1950ರ ದಶಕದ ಕೊನೆಗೆ ನರಶಸ್ತ್ರಚಿಕಿತ್ಸಾ ಸಂಸ್ಥೆಗೆ ಮರಳಿದರು. 1962ರಲ್ಲಿ ಬಂದ ಅವರ ದೊಡ್ಡ ಗ್ರಂಥ ಮಿದುಳು ಮತ್ತು ಮನಸ್ಸಿನ ಅಧ್ಯಯನಕ್ಕೆ ಜಗತ್ತಿನಾದ್ಯಂತ ತಳಹದಿಯಾಯಿತು. ರೋಗಿಗಳ ಕಥೆಗಳನ್ನು ಬರೆದು ಪ್ರಸಿದ್ಧರಾದ ಡಾಕ್ಟರ್ ಆಲಿವರ್ ಸ್ಯಾಕ್ಸ್ ಇವರನ್ನು ಗುರುವಿನಂತೆ ಕಂಡು ಪತ್ರ ಬರೆಯುತ್ತಿದ್ದರು. 1977ರ ಆಗಸ್ಟ್ 14ರಂದು ಮಾಸ್ಕೋದಲ್ಲಿ, ಎಪ್ಪತ್ತೈದನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ಲೂರಿಯಾ ತೀರಿಕೊಂಡರು.

ಈ ಜೀವನದಿಂದ ನಿಮ್ಮ ಮನೆಗೆ

ಇವರು ಮೊದಲಿನಂತೆ ಆಗುತ್ತಾರೆಯೇ ಎನ್ನುವ ಪ್ರಶ್ನೆಗೆ ಯಾವ ಡಾಕ್ಟರೂ ಖಚಿತ ಉತ್ತರ ಕೊಡಲಾರರು. ಲೂರಿಯಾ ಕೇಳುತ್ತಿದ್ದ ಪ್ರಶ್ನೆ ಬೇರೆ. ಇವರಲ್ಲಿ ಏನು ಉಳಿದಿದೆ, ಅದನ್ನು ಹಿಡಿದು ಯಾವ ಕೆಲಸವನ್ನು ಯಾವ ದಾರಿಯಿಂದ ಮಾಡಿಸಬಹುದು? ಈ ಪ್ರಶ್ನೆಗೆ ನಿಮಗೆ ದಿನವೂ ಸ್ವಲ್ಪ ಸ್ವಲ್ಪ ಉತ್ತರ ಸಿಗುತ್ತದೆ.

ಮನೆಯನ್ನೇ ಆಸರೆಯಾಗಿ ಮಾಡಿ. ವಸ್ತುಗಳಿಗೆ ಒಂದೇ ಜಾಗವಿರಲಿ, ಬಾಗಿಲಿಗೆ ಚೀಟಿಯಿರಲಿ, ದಿನದ ಕೆಲಸಗಳ ಪಟ್ಟಿ ಕಣ್ಣಿಗೆ ಕಾಣುವಲ್ಲಿರಲಿ. ಫೋನಿನ ಅಲಾರಾಂ ಕೂಡ ಸೆರಗಿನ ಗಂಟಿನಂತೆಯೇ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಗಾಯವಾದ ಮಿದುಳು ಬೇಗ ದಣಿಯುತ್ತದೆ. ಆದ್ದರಿಂದ ಅಭ್ಯಾಸವನ್ನು ಚಿಕ್ಕ ಚಿಕ್ಕದಾಗಿ ಹಂಚಿ, ನಡುವೆ ವಿಶ್ರಾಂತಿ ಕೊಡಿ. ನೆಲದಲ್ಲಿ ಜಾರುವ ಚಾಪೆ, ಬಿಡಿ ಕಾಗದ ಬೇಡ. ಒಲೆ, ಚಾಕುವಿನ ಕೆಲಸವನ್ನು ಜೊತೆಗಿದ್ದು ಮಾಡಿಸಿ. ಮನೆಯಲ್ಲಿ ಅವರದೇ ಎನ್ನುವ ಒಂದು ಕೆಲಸವಿರಲಿ, ಎಷ್ಟೇ ನಿಧಾನವಾಗಲಿ.

ಮೊದಲ ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಧಾನವಾಯಿತೆಂದರೆ ನಿಂತಿತು ಎಂದಲ್ಲ. ಆದ್ದರಿಂದ ಥೆರಪಿಯನ್ನು ನೀವಾಗಿ ನಿಲ್ಲಿಸಬೇಡಿ. ಸ್ಪೀಚ್ ಥೆರಪಿ, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಯ ಜೊತೆಗೆ ನೆನಪು ಮತ್ತು ಗಮನಕ್ಕೆ ಅಭ್ಯಾಸ ಮಾಡಿಸುವ ನ್ಯೂರೋಸೈಕಾಲಜಿಸ್ಟರೂ ಇರುತ್ತಾರೆ ಎಂಬುದು ಎಷ್ಟೋ ಮನೆಯವರಿಗೆ ತಿಳಿದಿರುವುದಿಲ್ಲ. ನಿಮ್ಮ ನರರೋಗ ತಜ್ಞರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರರೋಗ ಪುನರ್ವಸತಿ ವಿಭಾಗವಿದೆ. ಮಾಜಿ ಸೈನಿಕರ ಕುಟುಂಬಗಳು ತಾವಿರುವ ನಗರದ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಮತ್ತು ಜಿಲ್ಲಾ ಸೈನಿಕ ಮಂಡಳಿಯನ್ನು ವಿಚಾರಿಸಬೇಕು. ನೂರಕ್ಕೆ ನೂರು ಅಂಗವೈಕಲ್ಯವಿದ್ದು ಸದಾ ಒಬ್ಬರ ಸಹಾಯ ಬೇಕಿರುವ ಪಿಂಚಣಿದಾರರಿಗೆ, ವೈದ್ಯಕೀಯ ಮಂಡಳಿಯ ಶಿಫಾರಸಿನ ಮೇಲೆ, ಆರೈಕೆದಾರರ ಭತ್ಯೆಯೂ ಇದೆ.

ಹೊಸದಾಗಿ ಫಿಟ್ಸ್ ಬಂದರೆ, ತಲೆನೋವು ಒಂದೇ ಸಮನೆ ಹೆಚ್ಚಾದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲಾಗದಷ್ಟು ಮಂಪರು ಕವಿದರೆ ಅಥವಾ ಒಂದು ಪಕ್ಕ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ನಿಮ್ಮ ಬಗ್ಗೆ. ಜಸೆಟ್ಸ್ಕಿಯ ಬಗ್ಗೆ ಪುಸ್ತಕ ಬಂತು. ಆತನಿಗೆ ಊಟ ಬಡಿಸಿ, ದಾರಿ ತೋರಿಸಿ, ಬರೆಯಲು ಕೂರಲು ಒಂದು ಮೇಜು ಬಿಟ್ಟುಕೊಟ್ಟ ತಾಯಿ ಮತ್ತು ತಂಗಿಯರ ಬಗ್ಗೆ ಯಾರೂ ಪುಸ್ತಕ ಬರೆಯಲಿಲ್ಲ. ಅವರಿಲ್ಲದೆ ಆ ಮೂರು ಸಾವಿರ ಪುಟಗಳೂ ಇರುತ್ತಿರಲಿಲ್ಲ. ನಿಮ್ಮ ನಿದ್ದೆ, ನಿಮ್ಮ ಊಟ, ವಾರಕ್ಕೊಮ್ಮೆಯಾದರೂ ನಿಮ್ಮ ಜಾಗಕ್ಕೆ ಬಂದು ಕೂರುವ ಇನ್ನೊಬ್ಬರು, ಇವೂ ಚಿಕಿತ್ಸೆಯ ಭಾಗವೇ. ನಿಮ್ಮ ರೋಗಿಯ ಮುಂದಿನ ಭೇಟಿಯಲ್ಲಿ ನಿಮ್ಮ ಆಯಾಸದ ಬಗ್ಗೆಯೂ ಡಾಕ್ಟರಿಗೆ ಹೇಳಿ.